ಬಾಯಿ ಕಟ್ಟಿದರೆ ಆರಾಧನೆ ಆಯಿತೇ?

ಪರ: ಬೇಡ ಅನ್ನುವುದೂ ಒಂದು ಕಾಣಿಕೆ

ಶಿವಮೊಗ್ಗ ಕಥೋಲಿಕ ಕ್ರೈಸ್ತರ ಧರ್ಮಪ್ರಾಂತ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆಗಿದ್ದು 1988ರಲ್ಲಿ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಉಪವಾಸ ಅದಕ್ಕಿಂತ ಎಷ್ಟೋ ಮೊದಲೇ ಘಟ್ಟ ಹತ್ತಿತ್ತು, ಕರಾವಳಿಯಿಂದ ಬಂದ ಕೊಂಕಣಿ ಕುಟುಂಬಗಳ ಜೊತೆ. ಆಮೇಲೆ ಕೇರಳದಿಂದ ಬಂದು ತೋಟ ಮಾಡಿದವರು ತಮ್ಮ ಐವತ್ತು ದಿನದ ನೋಂಬನ್ನೂ, ಅಂದರೆ ಉಪವಾಸದ ವ್ರತವನ್ನೂ, ತಂದರು. 2007ರಲ್ಲಿ ಭದ್ರಾವತಿಯಲ್ಲಿ ಅವರ ಸಿರೋ ಮಲಬಾರ್ ಪಂಗಡದ ಧರ್ಮಪ್ರಾಂತವೂ ಆಯಿತು. ಇಷ್ಟು ಜನ ಇಷ್ಟು ಕಾಲ ಸುಮ್ನೆ ಹಸಿದುಕೊಂಡು ಕೂತಿಲ್ಲ, ಅಲ್ವಾ?

ನಮ್ಮ ಪ್ರಾರ್ಥನೆ ಬಹುಪಾಲು ಬಾಯಿಮಾತು. ಜಪಸರ ಕೈಯಲ್ಲಿ, ಮನಸ್ಸು ಅಡಿಕೆ ರೇಟಿನ ಮೇಲೆ. ಮೈಗೆ ಆ ಆಟ ಬರುವುದಿಲ್ಲ. ನಿಮ್ಮ ದೇಹವನ್ನೇ ಜೀವಂತ ಬಲಿಯಾಗಿ ಕೊಡಿ, ಅದೇ ಆರಾಧನೆ ಅಂತ ಬೈಬಲಿನಲ್ಲಿ ಪ್ರೇಷಿತ ಪೌಲ ರೋಮಾಪುರದವರಿಗೆ ಬರೆದ. ಯೇಸು ನಲವತ್ತು ದಿನ ಹಸಿದಿದ್ದಾಗ ಸೈತಾನ ಮೊದಲು ತೋರಿಸಿದ ಆಸೆಯೂ ರೊಟ್ಟಿಯದೇ.

ಇದೆಲ್ಲ ಮೈ ದಂಡಿಸುವ ಕ್ರೂರ ಪದ್ಧತಿ ಅನ್ನುವವರು ಕಟ್ಟಳೆ ನೋಡಿಲ್ಲ. 1966ರಲ್ಲಿ ಪೋಪ್ ಆರನೇ ಪೌಲ್ ಅದನ್ನು ತುಂಬಾ ಸಡಿಲಿಸಿದರು. ಈಗ ರೋಮನ್ ಪದ್ಧತಿಯವರಿಗೆ ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ: ತಪಸ್ಸು ಕಾಲ ಶುರುವಾಗುವ, ಹಣೆಗೆ ಬೂದಿ ಹಚ್ಚುವ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅವತ್ತೂ ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಬಹುದು. 18 ದಾಟದವರಿಗೆ, 59 ಮುಗಿದವರಿಗೆ, ಕಾಯಿಲೆಯವರಿಗೆ ಅದೂ ಇಲ್ಲ.

ಉಳಿದದ್ದು ಅವರವರ ಮನಸ್ಸು. ನಾನು ಕಾಫಿ ಬಿಡುತ್ತೇನೆ. ಕಾಫಿ ಬೆಳೆಯುವ ಸೀಮೆಯಲ್ಲಿ ಇದು ಹುಡುಗಾಟವಲ್ಲ. ಸಂಜೆ ನಾಲ್ಕಕ್ಕೆ ಪಕ್ಕದ ಮನೆಯಿಂದ ಡಿಕಾಕ್ಷನ್ ವಾಸನೆ ತೇಲಿ ಬಂದರೆ ತಲೆ ಸಿಡಿಯಲು ಶುರು. ಕೈಗೆ ಏನೂ ತೋಚುವುದಿಲ್ಲ, ಮಕ್ಕಳ ಮೇಲೆ ರೇಗುತ್ತೇನೆ. ಒಂದು ಲೋಟ ಕಾಫಿಗೆ ನಾನು ಇಷ್ಟು ಆಳಾಗಿದ್ದೆನಾ ಅಂತ ಆಗ ಅರ್ಥವಾಗುತ್ತದೆ. ಆ ಅರ್ಧ ಗಂಟೆಯಲ್ಲಿ ದೇವರೇ ಅಂತ ಕರೆದದ್ದು ಬಾಯಿಪಾಠವಲ್ಲ. ಉಳಿದ ಕಾಸು ಕಾಣಿಕೆ ಡಬ್ಬಿಗೆ ಹೋಗುತ್ತದೆ, ಅದು ಸಣ್ಣ ಮಾತು. ಕಾಫಿಗೇ ಬೇಡ ಅನ್ನಲಾಗದವನು ನಾಳೆ ಆಸ್ತಿ ಪಾಲಿನ ಜಗಳದಲ್ಲಿ ಒಂದು ಗುಂಟೆ ಬಿಟ್ಟುಕೊಡುತ್ತಾನೆಯೇ?

ವಿರೋಧ: ಹಸಿವಿಗೆ ಯಾಕೆ ಇಷ್ಟು ಮರ್ಯಾದೆ?

ಕಾಫಿ ಬಿಟ್ಟವರ ಮೇಲೆ ನನಗೆ ಕೋಪವಿಲ್ಲ. ಆರೋಗ್ಯಕ್ಕೆ ಒಳ್ಳೆಯದೇ. ಅದಕ್ಕೆ ಆರಾಧನೆ ಅಂತ ಹೆಸರಿಡುವುದಕ್ಕೆ ತಕರಾರು.

ಮಾಂಸ ಬಿಡುವ ಶುಕ್ರವಾರ ಮೀನಿಗೆ ಅಡ್ಡಿಯಿಲ್ಲ. ಘಟ್ಟ ಹತ್ತಿ ಬಂದ ಅಂಜಲ್ ಕೋಳಿಗಿಂತ ದುಬಾರಿ. ಅದಕ್ಕೆ ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ, ಕಾವಲಿಯ ಮೇಲೆ ಚುಂಯ್ ಅನ್ನಿಸಿ ತಿಂದರೂ ಕಟ್ಟಳೆ ಮುರಿದಿಲ್ಲ! ಮೀನೂ ಬೇಡ ಅಂದವರಿಗೆ ಗುಜ್ಜೆ, ಅಂದರೆ ಎಳೆ ಹಲಸು, ಇದೆ, ಮಸಾಲೆ ಸರಿಯಾಗಿ ಬಿದ್ದರೆ ಮಾಂಸವೇ ಸೈ. ಮಸಾಲೆ ಅರೆಯುವವಳು ಮಾತ್ರ ಮನೆಯ ಹೆಂಗಸು. ಅವಳಿಗೂ ಉಪವಾಸ. ಬಿಡದವರಿಗೆ ಬೇರೆ ಅಡುಗೆ ಬೇಯಿಸುವ ಕೆಲಸವೂ ಅವಳದೇ.

1522ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮುದ್ರಕನೊಬ್ಬನ ಮನೆಯಲ್ಲಿ ಉಪವಾಸದ ದಿನಗಳಲ್ಲೇ ಮಾಂಸದ ಸಾಸೇಜ್ ತಿಂದರು. ಪಾದ್ರಿ ಜ್ವಿಂಗ್ಲಿ ತಿನ್ನಲಿಲ್ಲ, ಆದರೆ ತಿಂದವರ ಪರ ನಿಂತ. ನಾನೂ ಆ ಕಡೆಯವನೇ. ಮೈಯನ್ನು ದಂಡಿಸುವ ನೇಮ ನೋಡಲು ಜಾಣತನ, ಒಳಗಿನ ಆಸೆ ಅಡಗಿಸಲು ಕೆಲಸಕ್ಕೆ ಬಾರದು ಅಂತ ಪೌಲನೇ ಕೊಲೊಸ್ಸೆಯವರಿಗೆ ಎಚ್ಚರಿಸಿದ್ದಾನೆ. ಮೇಲೆ ರೋಮಾಪುರದ ಪತ್ರ ತೆಗೆದರಲ್ಲ, ಅದೇ ಹನ್ನೆರಡನೇ ಅಧ್ಯಾಯವನ್ನು ಕೊನೆವರೆಗೂ ಓದಲಿ. ನಿನ್ನ ವೈರಿ ಹಸಿದಿದ್ದರೆ ಅವನಿಗೆ ಉಣ್ಣಲು ಕೊಡು ಅಂತಿದೆ.

ಬೈಬಲಿನ ಪ್ರವಾದಿ ಯೆಶಾಯನ 58ನೇ ಅಧ್ಯಾಯ ಇನ್ನೂ ಖಾರ. ಉಪವಾಸದ ದಿನವೇ ಆಳುಗಳನ್ನು ದುಡಿಸಿ ಹಿಂಡುತ್ತೀರಿ ಅಂತ ನೇರವಾಗಿ ಬೈಗುಳ. ಅಡಿಕೆ ಸುಲಿದವರ ಕೂಲಿ ಬಾಕಿ ಇಟ್ಟುಕೊಂಡು ಹಣೆಗೆ ಬೂದಿ ಹಚ್ಚಿಸಿಕೊಂಡರೆ ಏನು ಬಂತು?

ದಿನವೂ ಶಿಲುಬೆ ಹೊರಬೇಕು ಅಂದ ಯೇಸು. ಅದಕ್ಕೆ ಸೀಸನ್ ಇಲ್ಲ, ಅದನ್ನು ನಾವು ಆರಿಸಿಕೊಳ್ಳುವುದೂ ಇಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ರಾತ್ರಿ ಎರಡಕ್ಕೆ ಎದ್ದು ಮಗ್ಗುಲು ಹೊರಳಿಸುವ ಸೊಸೆ, ಭಾನುವಾರದ ಪೂಜೆ ತಪ್ಪಿತು ಅಂತ ಕೊರಗುತ್ತಾಳೆ. ಯಾರೂ ಅವಳಿಗೆ ನೀನು ಮಾಡಿದ್ದೇ ಆರಾಧನೆ ಅನ್ನುವುದಿಲ್ಲ. ಕಾಫಿ ಬಿಟ್ಟವರು ಒಂದು ರಾತ್ರಿ ಅವಳ ಬದಲಿಗೆ ಕೂರಲಿ. ನಿದ್ದೆ ಬಂದರೆ ಕಾಫಿ ಕುಡಿಯಲಿ, ನನ್ನದೇನೂ ಅಡ್ಡಿಯಿಲ್ಲ.