ಮಕ್ಕಳ ಕೈಗೆ ಘೋಷಣೆ ಬೇಡ, ಅಳತೆ ಟೇಪು ಕೊಡಿ

ಚಿಕ್ಕಮಗಳೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಫೆಬ್ರವರಿ 28ರ ವಿಜ್ಞಾನ ದಿನದ ವಸ್ತುಪ್ರದರ್ಶನ ನೋಡಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯ ಹೆಸರು ಹೇಳುವುದಿಲ್ಲ. ಇದು ಆ ಒಂದು ಶಾಲೆಯ ತಪ್ಪಲ್ಲ, ನಮ್ಮ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಲ್ಲಿ ಎಲ್ಲಿ ಹೋದರೂ ಇದೇ ಕಥೆ.

ನೀರಿನ ವಿಭಾಗದಲ್ಲಿ ಮೊದಲ ಬಹುಮಾನ ಬಂದದ್ದು ಥರ್ಮಾಕೋಲಿನಲ್ಲಿ ಮಾಡಿದ ಮಳೆನೀರು ಕೊಯ್ಲಿನ ಮಾದರಿಗೆ. ನೀಲಿ ಬಣ್ಣ ಕಲಸಿದ ನೀರು, ಸ್ಟ್ರಾ ಪೈಪು, ಮೇಲೆ ದಪ್ಪಕ್ಷರದಲ್ಲಿ ‘ನೀರು ಉಳಿಸಿ, ಜೀವ ಉಳಿಸಿ’. ಮಕ್ಕಳು ಕಷ್ಟಪಟ್ಟು ಮಾಡಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಶಾಲೆಯ ಚಾವಣಿ ಎಷ್ಟು ಉದ್ದಗಲ ಇದೆ ಎಂದು ಕೇಳಿದರೆ ಗೊತ್ತಿಲ್ಲ. ಶಾಲೆಗೆ ದಿನಕ್ಕೆ ಎಷ್ಟು ಲೀಟರ್ ಬೇಕು? ಗೊತ್ತಿಲ್ಲ. ಪಕ್ಕದ ಮೇಜಿನಲ್ಲಿ ಎಂಟನೇ ಕ್ಲಾಸಿನ ಇಬ್ಬರು ಹುಡುಗಿಯರು ಒಂದು ನೋಟ್‌ಬುಕ್ ಇಟ್ಟುಕೊಂಡು ನಿಂತಿದ್ದರು. ಊರ ಬಾವಿಯ ನೀರಿನ ಮಟ್ಟ, 41 ದಿನ, ದಿನಾ ಬೆಳಗ್ಗೆ ಅಳೆದು ಬರೆದದ್ದು. ತೀರ್ಪುಗಾರರು “ಮಾಡೆಲ್ ಎಲ್ಲಮ್ಮಾ?” ಎಂದು ಕೇಳಿದರು. ಪುಟ ತಿರುವಲಿಲ್ಲ, ಮುಂದೆ ಹೋದರು.

ಇಡೀ ಹಾಲ್‌ನಲ್ಲಿ ನೀರಿನ ಬಗ್ಗೆ ಯಾರಾದರೂ ಏನನ್ನಾದರೂ ಕಂಡುಹಿಡಿದಿದ್ದರೆ ಅದು ಆ ನೋಟ್‌ಬುಕ್ಕಿನಲ್ಲಿತ್ತು.

ಘೋಷಣೆ ಮೇಲೆ ನನಗೆ ಯಾಕಿಷ್ಟು ಕೋಪ ಅಂದರೆ, ಅದು ಮಗುವಿಗೆ ನೀರಿನ ಗಾತ್ರವನ್ನೇ ಮರೆಸಿಬಿಡುತ್ತದೆ. ‘ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ’ ಅನ್ನುತ್ತೇವೆ. ನಿಲ್ಲಿಸಲಿ, ಒಳ್ಳೆಯದೇ. ನಿಮಿಷಕ್ಕೆ 6 ಲೀಟರ್ ಬರುವ ನಲ್ಲಿಯನ್ನು ಎರಡು ನಿಮಿಷ ನಿಲ್ಲಿಸಿದರೆ 12 ಲೀಟರ್ ಉಳಿಯಿತು. ಈಗ ಹೊರಗೆ ಕಾಫಿ ತೋಟದಲ್ಲಿ ಜೆಟ್ (ನೀರು ಚಿಮ್ಮಿಸುವ ದೊಡ್ಡ ಸ್ಪ್ರಿಂಕ್ಲರ್) ತಿರುಗುತ್ತಿದೆಯಲ್ಲ, ಅದರ ಲೆಕ್ಕ ಹಾಕಿಸಿ. ರೋಬಸ್ಟಾ ಕಾಫಿ ಹೂ ಅರಳಲು ಸುಮಾರು ಒಂದು ಇಂಚು ನೀರು ಎಂದಿಟ್ಟುಕೊಳ್ಳಿ. ಒಂದು ಎಕರೆ ಅಂದರೆ 4,047 ಚದರ ಮೀಟರ್, ಒಂದು ಇಂಚು ಅಂದರೆ 25.4 ಮಿ.ಮೀ. ಗುಣಿಸಿದರೆ 1,02,800 ಲೀಟರ್. ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನುತ್ತದೆ, ಐದು ಜನರ ಮನೆಗೆ 275 ಲೀಟರ್. ಅಂದರೆ ಒಂದು ಎಕರೆಗೆ ಒಂದು ಸಲ ಹೊಡೆದ ನೀರು ಆ ಮನೆಗೆ ಒಂದು ವರ್ಷ ದಾಟಿ ಬರುತ್ತದೆ. ತೋಟದವರನ್ನು ದೂರುತ್ತಿಲ್ಲ. ಸಮಯಕ್ಕೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಾರದಿದ್ದರೆ ಅವರೇನು ಮಾಡಬೇಕು? ಆದರೆ 12 ಲೀಟರ್ ಎಷ್ಟು, ಒಂದು ಲಕ್ಷ ಲೀಟರ್ ಎಷ್ಟು ಅನ್ನುವುದು ಮಗುವಿಗೆ ಗೊತ್ತಿರಬೇಕು. ಇಲ್ಲದಿದ್ದರೆ ಬೇಸಿಗೆಯಲ್ಲಿ ಊರ ಬಾವಿ ಒಣಗಿದ್ದಕ್ಕೆ ತನ್ನ ಹಲ್ಲುಜ್ಜುವ ನಲ್ಲಿಯೇ ಕಾರಣ ಅಂದುಕೊಂಡು ಬೆಳೆಯುತ್ತದೆ.

ಬಾವಿ ಅಳೆಯುವುದು ಹೇಗೆ ಎಂದು ಕೇಳುವ ಮೇಷ್ಟ್ರುಗಳಿಗೆ ಇಲ್ಲೇ ಹೇಳಿಬಿಡುತ್ತೇನೆ. 30 ಮೀಟರಿನ ಟೇಪಿನ ತುದಿಗೆ ಒಂದು ಸ್ಟೀಲ್ ಲೋಟವನ್ನು ಬೋರಲಾಗಿ ಕಟ್ಟಿ. ನೀರಿಗೆ ತಾಗಿದ ಕೂಡಲೇ ‘ಗುಳುಂ’ ಅನ್ನುತ್ತದೆ, ಕತ್ತಲ ಬಾವಿಯಲ್ಲೂ ಕಣ್ಣಿನ ಹಂಗಿಲ್ಲ. ಲೋಟದ ಬಾಯಿಂದ ಟೇಪಿನ ಸೊನ್ನೆಯವರೆಗಿನ ಉದ್ದವನ್ನು ಮೊದಲೇ ಅಳೆದು ಪ್ರತಿ ಸಲ ಕೂಡಿಸಬೇಕು. ಹೆಚ್ಚಿನ ಕಡೆ ಮರೆಯುವುದು ಇದನ್ನೇ. ನೈಲಾನ್ ಹಗ್ಗಕ್ಕೆ ಗಂಟು ಹಾಕಿ ಅಳೆಯಬೇಡಿ, ಒದ್ದೆಯಾದರೆ, ಭಾರ ಬಿದ್ದರೆ ಹಿಗ್ಗುತ್ತದೆ. ಬಾವಿಯ ಕಟ್ಟೆ ಮೇಲೆ ಒಂದು ಕಡೆ ಪೇಂಟಿನಲ್ಲಿ ಗುರುತು ಹಾಕಿ, ಪ್ರತಿದಿನ ಅಲ್ಲಿಂದಲೇ ಅಳೆಯಬೇಕು. ಕಟ್ಟೆ ಎಲ್ಲ ಕಡೆ ಸಮ ಇರುವುದಿಲ್ಲ, ಇನ್ನೊಂದು ಬದಿಗೆ ಹೋದರೆ ಐದಾರು ಸೆಂಟಿಮೀಟರ್ ಸುಳ್ಳು ಏರಿಳಿತ ಬಂದುಬಿಡುತ್ತದೆ. ಬೆಳಗ್ಗೆ ಯಾರೂ ನೀರು ಸೇದುವ ಮೊದಲು, ಮೋಟಾರು ಹಾಕುವ ಮೊದಲು ಅಳೆಯಬೇಕು. ರಾತ್ರಿ ಮೋಟಾರು ಓಡಿದ್ದರೆ ಪಕ್ಕದಲ್ಲಿ ಬರೆದಿಡಬೇಕು. ಕಟ್ಟೆ ಇಲ್ಲದ ಬಾವಿಯ ಹತ್ತಿರ ಮಕ್ಕಳನ್ನು ಬಿಡಲೇಬೇಡಿ. ಕಟ್ಟೆ ಇದ್ದರೂ ದೊಡ್ಡವರೊಬ್ಬರು ಜೊತೆಗಿರಬೇಕು.

ಆಮೇಲೆ ಲೆಕ್ಕ. 3 ಮೀಟರ್ ವ್ಯಾಸದ ಬಾವಿಯ ಬಾಯಿಯ ವಿಸ್ತೀರ್ಣ ಸುಮಾರು 7 ಚದರ ಮೀಟರ್. ನೀರು 10 ಸೆಂ.ಮೀ. ಇಳಿಯಿತು ಅಂದರೆ 700 ಲೀಟರ್ ಹೋಯಿತು. ಸಂಜೆ ಮೋಟಾರು ನಿಲ್ಲಿಸಿದಾಗ ಒಂದು ಅಳತೆ, ಬೆಳಗ್ಗೆ ಇನ್ನೊಂದು. ರಾತ್ರಿಯಲ್ಲಿ ಬಾವಿಗೆ ಎಷ್ಟು ಊಟೆ (ಒರತೆ ನೀರು) ಬಂತು ಎಂದು ಅಲ್ಲೇ ಗೊತ್ತಾಗುತ್ತದೆ. ಎರಡು ತಿಂಗಳ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಎಳೆಯಲಿ. ಏಪ್ರಿಲ್ ಯಾವ ವಾರ ಬಾವಿ ತಳ ಕಾಣುತ್ತದೆ ಎಂದು ಮಾರ್ಚ್‌ನಲ್ಲೇ ಆ ಮಕ್ಕಳು ಅಂದಾಜು ಹೇಳಬಲ್ಲರು. ಥರ್ಮಾಕೋಲಿನ ಮನೆಗೆ ಈ ಶಕ್ತಿ ಇಲ್ಲ. ಕೇಂದ್ರ ಅಂತರ್ಜಲ ಮಂಡಳಿಯವರು ಬಾವಿಗಳ ಮಟ್ಟವನ್ನು ಕೈಯಾರೆ ಅಳೆಯುವುದು ವರ್ಷಕ್ಕೆ ನಾಲ್ಕು ಸಲ. ನಮ್ಮ ಮಕ್ಕಳು 41 ದಿನ ಅಳೆದಿದ್ದರು.

ಮಳೆ ಅಳೆಯುವುದರಲ್ಲಿ ನಮ್ಮ ಕಡೆಯ ಮಕ್ಕಳಿಗೆ ಒಂದು ಅನುಕೂಲ ಇದೆ. ಕಾಫಿ ತೋಟದಲ್ಲಿ ಇವತ್ತಿಗೂ ‘ಒಂದು ಇಂಚು ಇಪ್ಪತ್ತು ಸೆಂಟ್ ಬಿತ್ತು’ ಎಂದೇ ಮಾತಾಡುತ್ತಾರೆ. 100 ಸೆಂಟ್ ಒಂದು ಇಂಚು, 20 ಸೆಂಟ್ ಸುಮಾರು 5 ಮಿ.ಮೀ. ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದಿಂದ ಬರೆದಿಟ್ಟ ಮಳೆ ಪುಸ್ತಕ ಇದೆ. ಅದನ್ನು ನೋಡಲು ಮಕ್ಕಳನ್ನು ಕಳಿಸಿ, ಯಾರೂ ಬೇಡ ಅನ್ನುವುದಿಲ್ಲ. ಶಾಲೆಯ ಮಳೆಮಾಪಕ ಮಾಡಲು ಬಾಟಲಿಯ ಮೇಲ್ಭಾಗ ಕತ್ತರಿಸಿ ಮಗುಚಿಟ್ಟು, ಬಾಟಲಿಗೆ ಸ್ಕೇಲ್ ಅಂಟಿಸುವ ವಿಧಾನ ಎಲ್ಲರಿಗೂ ಗೊತ್ತು. ಬಾಟಲಿಯ ತಳ ಉಬ್ಬುತಗ್ಗು, ಹಾಗಾಗಿ ಮೊದಲ ಕೆಲವು ಮಿಲಿಮೀಟರ್ ಎಲ್ಲ ತಪ್ಪು ಬರುತ್ತದೆ. ಅದರ ಬದಲು 10 ಸೆಂ.ಮೀ. ಬಾಯಿಯ ಆಲಿಕೆ ಕೂರಿಸಿ, ಸಿಕ್ಕಿದ ನೀರನ್ನು ಔಷಧದ ಸಿರಿಂಜಿನಲ್ಲಿ ಅಳೆಯಿರಿ. ಆ ಬಾಯಿಗೆ ಸುಮಾರು 7.85 ಮಿ.ಲೀ. ಅಂದರೆ 1 ಮಿ.ಮೀ. ಮಳೆ. ಕೆಳಗಿನ ಬಾಟಲಿ ಯಾವ ಆಕಾರ ಇದ್ದರೂ ನಡೆಯುತ್ತದೆ. ಆದರೆ ಮೂಡಿಗೆರೆ, ಸಕಲೇಶಪುರದವರು ಒಂದು ಲೀಟರಿನ ಬಾಟಲಿ ಇಡಬೇಡಿ. 127 ಮಿ.ಮೀ.ಗೆ ತುಂಬಿ ಚೆಲ್ಲುತ್ತದೆ, ಆಷಾಢದ ಒಂದು ದಿನದ ಮಳೆ ಅಷ್ಟಕ್ಕೆ ನಿಲ್ಲಬೇಕೆಂದಿಲ್ಲ. ಎರಡು ಲೀಟರಿನದು ಬೇಕು. ಮರ, ಗೋಡೆಯಿಂದ ಅವುಗಳ ಎತ್ತರದ ಎರಡರಷ್ಟು ದೂರ ಇರಬೇಕು. ಹವಾಮಾನ ಇಲಾಖೆಯವರ ಹಾಗೆ ಬೆಳಗ್ಗೆ 8.30ಕ್ಕೇ ಓದಬೇಕು, ಭಾನುವಾರವೂ.

ಈಗ ಮೂಡಿಗೆರೆಯ ಒಂದು ಶಾಲೆ, ಕಡೂರಿನ ಒಂದು ಶಾಲೆ ವಾರಕ್ಕೊಮ್ಮೆ ವಾಟ್ಸಾಪಿನಲ್ಲಿ ಅಂಕಿ ಬದಲಾಯಿಸಿಕೊಳ್ಳಲಿ. ಒಂದೇ ಜಿಲ್ಲೆ. ಅತ್ತ ವರ್ಷಕ್ಕೆ 2,000 ಮಿ.ಮೀ. ದಾಟುತ್ತದೆ, ಇತ್ತ 600-700ರ ಆಸುಪಾಸು. ನಡುವೆ ಬಾಬಾಬುಡನ್‌ಗಿರಿ ಸಾಲು ಅಡ್ಡ ನಿಂತಿದೆ. ಹಾಗಿದ್ದರೂ ಮಾರ್ಚ್ ಕೊನೆಗೆ ಮೂಡಿಗೆರೆ ಕಡೆಯ ಎಷ್ಟೋ ಗುಡ್ಡದ ಮನೆಗಳಲ್ಲಿ ನೀರಿಲ್ಲ. ಯಾಕೆ? ಈ ಪ್ರಶ್ನೆಯನ್ನು ಮಗು ತಾನಾಗಿ ಕೇಳುವ ದಿನ ಪಾಠ ಶುರುವಾಯಿತು ಅನ್ನಬಹುದು. ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಬಿದ್ದು, ಇಳಿಜಾರಿನಲ್ಲಿ ಹರಿದು ಹೋಯಿತು. ಎಲ್ಲಿಗೆ? ಹೇಮಾವತಿ, ಯಗಚಿಯ ನೀರು ಗೊರೂರಿನ ಅಣೆಕಟ್ಟಿಗೆ ಹೋಗಿ ಕಾವೇರಿ ಸೇರುತ್ತದೆ. ಭದ್ರೆಯದು, ವೇದಾವತಿಯದು ಕೃಷ್ಣೆಯ ಕಡೆಗೆ. ಸಕಲೇಶಪುರದ ಪಶ್ಚಿಮದ ಹಳ್ಳಗಳು ನೇತ್ರಾವತಿಗೆ. ಸಖರಾಯಪಟ್ಟಣದ ಅಯ್ಯನಕೆರೆ ಕಟ್ಟಿದವರು, ಹಳೇಬೀಡಿನ ದೋರಸಮುದ್ರ ಕೆರೆ ಕಟ್ಟಿದವರು ಈ ಇಳಿಜಾರನ್ನು ಕಣ್ಣಳತೆಯಲ್ಲೇ ಓದಿದ್ದರು. ನಮ್ಮ ಹತ್ತನೇ ಕ್ಲಾಸಿನ ಮಗುವಿಗೆ ತನ್ನೂರ ಕೆರೆಯ ತೂಬು ಎಲ್ಲಿದೆ, ಕೋಡಿ ಬಿದ್ದ ನೀರು ಯಾವ ಊರ ಕೆರೆಗೆ ಹೋಗುತ್ತದೆ ಎಂದು ಗೊತ್ತಿಲ್ಲ. ಏರಿಯ ಮೇಲೆ ನಡೆಸಿಕೊಂಡು ಹೋದರೆ ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ. 10 ಎಕರೆ ಕೆರೆಯಲ್ಲಿ ಒಂದು ಅಡಿ ಹೂಳು ತುಂಬಿದರೆ 1.23 ಕೋಟಿ ಲೀಟರ್ ಜಾಗ ಹೋಯಿತು. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ ಅದೇ ಕೆರೆಯಿಂದ ದಿನಕ್ಕೆ 2 ಲಕ್ಷ ಲೀಟರ್ ಗಾಳಿಗೆ ಹೋಯಿತು. ಸಕಲೇಶಪುರದ ಘಟ್ಟದ ಹಳ್ಳಗಳ ನೀರನ್ನು ಪೂರ್ವದ ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಬಗ್ಗೆ ಮಕ್ಕಳು ಭಾಷಣ ಸ್ಪರ್ಧೆಯಲ್ಲಿ ಪರ-ವಿರೋಧ ಮಾತಾಡುತ್ತಾರೆ. ಯೋಜನೆಯ 24.01 ಟಿ.ಎಂ.ಸಿ. ಅಂದರೆ ಎಷ್ಟು? ಒಂದು ಟಿ.ಎಂ.ಸಿ., ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಒಂದು ಚದರ ಕಿಲೋಮೀಟರಿನ ಮೇಲೆ ಒಂದು ಮೀಟರ್ ಮಳೆ ಬಿದ್ದರೆ 100 ಕೋಟಿ ಲೀಟರ್. ಇಷ್ಟು ಕೊಟ್ಟು, ಒಂದು ನಕ್ಷೆ ಕೊಟ್ಟು, ಆಮೇಲೆ ಮಾತಾಡಿಸಿ.

ಬೋರ್‌ವೆಲ್ ಮಾತು ಬಂದರೆ ದೊಡ್ಡವರೂ ಎಡವುತ್ತಾರೆ. ‘ಅವರಿಗೆ ಒಂದು ಇಂಚು, ಇವರಿಗೆ ಎರಡು ಇಂಚು ನೀರು ಬಿತ್ತು’ ಅಂದರೆ ಎರಡರಷ್ಟು ಎಂದುಕೊಳ್ಳುತ್ತೇವೆ. ಬೋರ್ ಕೊರೆಯುವವರು ಹೇಳುವ ಇಂಚು, ತಗಡಿನ ವಿ ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ. ನೀರು ಏರಿದಂತೆ ಕಚ್ಚು ಅಗಲವೂ ಆಗುತ್ತದೆ, ವೇಗವೂ ಹೆಚ್ಚುತ್ತದೆ. 90 ಡಿಗ್ರಿಯ ಕಚ್ಚಿನಲ್ಲಿ ಒಂದು ಇಂಚು ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು ಸುಮಾರು 2,900 ಲೀಟರ್, ಐದು ಪಟ್ಟಿಗೂ ಹೆಚ್ಚು. ತಗಡು ಕತ್ತರಿಸಿ, ಬಕೆಟ್ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಇಟ್ಟು ಇದನ್ನು ಶಾಲೆಯಲ್ಲೇ ತೋರಿಸಬಹುದು. ಹತ್ತನೇ ಕ್ಲಾಸಿನ ಮಗು ಇದನ್ನು ಮಾಡಿ ಮನೆಗೆ ಹೋಗಿ ಅಪ್ಪನಿಗೆ ವಿವರಿಸಿದರೆ, ಲಕ್ಷಗಟ್ಟಲೆ ಸಾಲ ಮಾಡಿ ಬೋರ್ ಕೊರೆಸುವ ಮನೆಯಲ್ಲಿ ಅದಕ್ಕೆ ಬೆಲೆ ಇದೆ.

ಇನ್ನು ನಿರ್ವಹಣೆ. ಪುಸ್ತಕದಲ್ಲಿ ಈ ಪದ ಒಂದು ಪ್ಯಾರಾ. ಊರಿನಲ್ಲಿ ಅದು ನೀರುಗಂಟಿಯ (ಊರಿಗೆ ನೀರು ಬಿಡುವವರ) ಕೈಯಲ್ಲಿರುವ ವಾಲ್ವ್. 50,000 ಲೀಟರಿನ ಟ್ಯಾಂಕು, 180 ಮನೆ, ಮನೆಗೆ ನಾಲ್ಕೂವರೆ ಜನ ಎಂದರೆ 55ರ ಲೆಕ್ಕದಲ್ಲಿ 44,550 ಲೀಟರ್ ಸಾಕು. ಕಾಗದದಲ್ಲಿ ಸಾಕು. ನೀರು ಬಿಟ್ಟ ಹೊತ್ತಿಗೆ ಇಬ್ಬರು ಮಕ್ಕಳನ್ನು ಮೊದಲ ಮನೆಗೆ, ಇಬ್ಬರನ್ನು ಕೊನೆಯ ಮನೆಗೆ ಕಳಿಸಿ. 10 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು, ಮೂರು ಸಲ ಅಳೆದು ಸರಾಸರಿ. ಮೊದಲ ಮನೆಯಲ್ಲಿ 50 ಸೆಕೆಂಡು, ಎತ್ತರದ ಕೊನೆಯ ಮನೆಯಲ್ಲಿ ಆರು ನಿಮಿಷ ಬಂದರೆ ಯಾಕೆ ಎಂದು ಹುಡುಕಲಿ. ಇಳಿಜಾರು ಇರಬಹುದು, ಪೈಪು ಸಣ್ಣದಿರಬಹುದು, ನಡುವೆ ಯಾರೋ ಲೈನಿಗೇ ಮೋಟಾರು ಕೂರಿಸಿರಬಹುದು. ತ್ರೀ ಫೇಸ್ ಕರೆಂಟು ಎಷ್ಟು ಹೊತ್ತು ಇತ್ತು, ಟ್ಯಾಂಕು ನಿಜವಾಗಿ ತುಂಬಿತ್ತೇ ಎಂದು ನೀರುಗಂಟಿಯನ್ನು ಗೌರವದಿಂದ ಕೂರಿಸಿ ಕೇಳಲಿ. ಊರಿನ ಜಲಶಾಸ್ತ್ರ ಅವರಷ್ಟು ಬಲ್ಲವರಿಲ್ಲ. ಮನೆಮನೆ ಸಮೀಕ್ಷೆಯಲ್ಲಿ ‘ನೀರು ಸಾಕಾಗುತ್ತಾ?’ ಎಂದು ಕೇಳಿಸಬೇಡಿ, ಎಲ್ಲರೂ ಇಲ್ಲ ಅನ್ನುತ್ತಾರೆ. ‘ಅಕ್ಕಾ, ನಿನ್ನೆ ಎಷ್ಟು ಕೊಡ ಹಿಡಿದ್ರಿ? ಯಾರು ತಂದ್ರು?’ ಎಂದು ಕೇಳಲಿ. ಒಂದೊಂದು ಮನೆಯ ಕೊಡ ಒಂದೊಂದು ಗಾತ್ರ, ಆ ಮನೆಯ ಕೊಡಕ್ಕೆ ಎಷ್ಟು ಲೀಟರ್ ಹಿಡಿಯುತ್ತದೆ ಎಂದು ಅಲ್ಲೇ ಅಳೆಯಬೇಕು.

ಗುಣಮಟ್ಟದ ಬಗ್ಗೆ ಒಂದೇ ಎಚ್ಚರಿಕೆ. ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿ.ಡಿ.ಎಸ್. ಮೀಟರ್ ಅದ್ದಿ ‘ನೀರು ಶುದ್ಧ’ ಎಂದು ಬರೆಯಿಸಬೇಡಿ. ಅದು ಬ್ಯಾಕ್ಟೀರಿಯಾ ಹೇಳುವುದಿಲ್ಲ, ಫ್ಲೋರೈಡೂ ಹೇಳುವುದಿಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ದಾಟಿದರೆ ಕುಡಿಯಬಾರದು, ಅದಕ್ಕೆ ಬೇರೆಯದೇ ಪರೀಕ್ಷೆ. ಗ್ರಾಮ ಪಂಚಾಯ್ತಿಯ ನೀರು ಪರೀಕ್ಷೆ ಕಿಟ್ ಕೇಳಿ. ನೀರು ಕೆಟ್ಟಿದ್ದರೆ ಕಪ್ಪಾಗುವ ಬ್ಯಾಕ್ಟೀರಿಯಾ ಪರೀಕ್ಷೆಯ ಸೀಸೆಯನ್ನು 30 ಡಿಗ್ರಿಗಿಂತ ಮೇಲಿನ ಬಿಸುಪಿನಲ್ಲಿ ಇಡಬೇಕು. ನಮ್ಮ ಮಲೆನಾಡಿನ ಚಳಿಗೆ ಕಿಟಕಿ ಪಕ್ಕ ಇಟ್ಟರೆ ಕೆಟ್ಟ ನೀರೂ ಎರಡು ದಿನ ಬಣ್ಣ ತಿರುಗದೆ ಮೋಸ ಮಾಡುತ್ತದೆ.

ಸಿಲಬಸ್ ಮುಗಿಸಬೇಕು, ಸಮಯ ಎಲ್ಲಿದೆ ಅನ್ನುತ್ತಾರೆ. ಗೊತ್ತು, ಮೇಷ್ಟ್ರುಗಳ ಮೇಲಿನ ಹೊರೆ ಸಣ್ಣದಲ್ಲ. ಆದರೆ ಥರ್ಮಾಕೋಲ್ ಕತ್ತರಿಸಲು ಹದಿನೈದು ದಿನ ಎಲ್ಲಿಂದ ಬಂತು? ಬಾವಿ ಅಳೆಯಲು ದಿನಕ್ಕೆ ಹತ್ತು ನಿಮಿಷ. ವೃತ್ತದ ಕ್ಷೇತ್ರಫಲ, ಸಿಲಿಂಡರಿನ ಘನಫಲ, ಸರಾಸರಿ, ಗ್ರಾಫ್ ಎಲ್ಲ ಅದರಲ್ಲೇ ಬಂತು, ಬೇರೆ ಪೀರಿಯಡ್ ಬೇಡ. ಉಪಕರಣ ಇಲ್ಲ ಅನ್ನುವವರಿಗೆ ಉತ್ತರ ಮೇಲೆಯೇ ಇದೆ: ಟೇಪು, ಲೋಟ, ಆಲಿಕೆ, ಸಿರಿಂಜು, ಬಕೆಟ್. ಇದರಲ್ಲಿ ಯಾವುದು ಸಿಗುವುದಿಲ್ಲ?

ಬಹುಮಾನದ ನಿಯಮ ಬದಲಾಗಲಿ, ನಾನು ಕೇಳುವುದು ಇಷ್ಟೇ. ನೀರಿನ ವಿಭಾಗಕ್ಕೆ ಬರುವ ಪ್ರತಿ ತಂಡದ ಹತ್ತಿರ ಕನಿಷ್ಠ 30 ದಿನದ ಸ್ವಂತ ಅಳತೆ ಇರಬೇಕು, ತಪ್ಪಿದ ದಿನಗಳನ್ನು ತಪ್ಪಿತು ಎಂದೇ ಬರೆದಿರಬೇಕು. ಮನಸ್ಸಿನಿಂದ ತುಂಬಿಸಿದ ಅಂಕಿ ಗುರುತಿಸುವುದು ತೀರ್ಪುಗಾರರಿಗೆ ಕಷ್ಟವಲ್ಲ. ದಿನಾ ಸರಿಯಾಗಿ 2 ಸೆಂ.ಮೀ. ಇಳಿಯುವ ಬಾವಿ ಎಲ್ಲೂ ಇಲ್ಲ.

ಆ ಹುಡುಗಿಯರ ನೋಟ್‌ಬುಕ್ಕಿನಲ್ಲಿ ಎರಡು ದಿನ ಖಾಲಿ ಇತ್ತು. ಪಕ್ಕದಲ್ಲಿ ‘ಜಾತ್ರೆಗೆ ಹೋಗಿದ್ದೆವು’ ಎಂದು ಬರೆದಿದ್ದರು. ಇನ್ನೊಂದು ಕಡೆ ಮಟ್ಟ ಒಂದೇ ರಾತ್ರಿಯಲ್ಲಿ 34 ಸೆಂ.ಮೀ. ಕುಸಿದಿತ್ತು, ಅಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಯಾಕೆ ಎಂದು ಕೇಳಿದೆ. “ಗೊತ್ತಿಲ್ಲ ಸರ್, ಕೇಳ್ತಾ ಇದೀವಿ. ಮೇಲಿನ ತೋಟದಲ್ಲಿ ಅವತ್ತು ಜೆಟ್ ಹಾಕಿದ್ರಂತೆ. ಇನ್ನೊಂದ್ಸಲ ಹಾಕಿದಾಗ ನೋಡ್ಬೇಕು” ಅಂದರು. ಮುಂದಿನ ಸುತ್ತಿನ ನೀರು ಈ ತಿಂಗಳಲ್ಲೇ ಇದೆ. ಅವರು ಅಳೆಯುವುದನ್ನು ನಿಲ್ಲಿಸಿಲ್ಲ.