ಕಲ್ಲನ್ನು ಕಿತ್ತು ತಂದರೆ ಅದು ಉಳಿದ ಹಾಗಲ್ಲ

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಕೆಲಸದ ಮೇಲೆ ಒಂದು ಕಚೇರಿಗೆ ಹೋಗಿದ್ದೆ. ಅಂಗಳದಲ್ಲಿ, ಹೂಕುಂಡಗಳ ನಡುವೆ, ಸಿಮೆಂಟ್ ಕಟ್ಟೆ ಕಟ್ಟಿ ಒಂದು ಹಳೆಯ ಸರ್ವೆ ಕಲ್ಲು ನಿಲ್ಲಿಸಿದ್ದಾರೆ. ಮೈತುಂಬಾ ಹಳದಿ ಪೇಂಟು. ಜಿ.ಟಿ.ಎಸ್. (ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆ, ಬ್ರಿಟಿಷರ ಕಾಲದಲ್ಲಿ ದೇಶವನ್ನೇ ಅಳೆದ ಮಹಾ ಸರ್ವೆ) ಅಂತ ಕೆತ್ತಿದ್ದು ಅರ್ಧ ಮುಚ್ಚಿಹೋಗಿದೆ. ಕೆಳಗಿನ ಚೌಕದೊಳಗೂ ಪೇಂಟು ಹೆಪ್ಪುಗಟ್ಟಿದೆ. ಉಗುರಿನಿಂದ ಕೆರೆದಾಗ ಬಿ.ಎಂ., ಅಂದರೆ ಬೆಂಚ್‌ಮಾರ್ಕ್, ಅನ್ನೋ ಅಕ್ಷರ ಕಾಣಿಸಿತು.

"ಇದು ಎಲ್ಲಿತ್ತು?" ಅಂತ ಕೇಳಿದೆ.

"ಅಲ್ಲೇ ಎಲ್ಲೋ ರಸ್ತೆ ಪಕ್ಕ. ಜೆಸಿಬಿಗೆ ಸಿಕ್ತು. ನಾವು ಉಳಿಸಿದ್ವಿ."

ಎಲ್ಲಿ ಉಳಿಸಿದ್ರಿ ಸ್ವಾಮಿ? ಆ ಕಲ್ಲಿನ ಬೆಲೆ ಇದ್ದದ್ದೇ ಅದು ನಿಂತಿದ್ದ ಜಾಗದಲ್ಲಿ. ಬೆಂಚ್‌ಮಾರ್ಕ್ ಅಂದರೆ ಸಮುದ್ರ ಮಟ್ಟದಿಂದ ಈ ಜಾಗ ಇಷ್ಟು ಎತ್ತರ ಅಂತ ಅಳೆದು ಇಟ್ಟ ಗುರುತು. ದೇಶದ ಮೊದಲ ಲೆವೆಲಿಂಗ್ ಜಾಲದ (ಹೀಗೆ ಎತ್ತರ ಅಳೆಯುವ) ಕೆಲಸ 1858ರಿಂದ 1909ರವರೆಗೆ ನಡೆಯಿತು. ಒಂಬತ್ತು ಬಂದರುಗಳಲ್ಲಿ ಸಮುದ್ರದ ಉಬ್ಬರವಿಳಿತ ಬರೆದಿಟ್ಟು ಅದಕ್ಕೆ ಆಧಾರ ಮಾಡಿಕೊಂಡರು. ನಮ್ಮ ಕಾರವಾರವೂ ಅದರಲ್ಲಿ ಒಂದು. ಅಲ್ಲಿಂದ ಲೆವೆಲ್ಲು (ಮಟ್ಟ ನೋಡುವ ದುರ್ಬೀನು), ಸ್ಟಾಫು (ಅಳತೆ ಕೋಲು) ಹೊತ್ತು ಒಂದೊಂದೇ ಹೆಜ್ಜೆ ಎತ್ತರವನ್ನು ಒಳನಾಡಿಗೆ ತಂದರು. ಆ ಕಲ್ಲನ್ನು ಕಿತ್ತು ಇನ್ನೆಲ್ಲೋ ನೆಡುವುದು, ಮನೆ ನಂಬರಿನ ಬೋರ್ಡು ಕಿತ್ತು ಬೇರೆ ಬೀದಿಯಲ್ಲಿ ಹೊಡೆದ ಹಾಗೆ. ಅದು ಈಗ ಸುಳ್ಳು ಹೇಳುತ್ತದೆ.

ನಿಮಗೆಲ್ಲ ಗೊತ್ತೇ ಇದೆ, ನಾನು ಸರ್ವೆಯವನು, ಜಮೀನು ಅಳೆಯುವ ಚೈನು ಹಿಡಿದು ಅನ್ನ ತಿಂದವನು. ಈ ವಿಷಯದಲ್ಲಿ ನನಗೆ ಸಮಾಧಾನದಿಂದ ಮಾತಾಡೋಕೆ ಬರುವುದಿಲ್ಲ. ಅಲ್ಲೂ ಜೋರಾಗಿಯೇ ಮಾತಾಡಿದೆ. ಹೊರಗೆ ಬಂದು ಬೈಕ್ ಹತ್ತಿರ ನಿಂತಾಗ ಕಣ್ಣು ತುಂಬಿ ಬಂತು.

ಬೆಂಗಳೂರಿಗೆ ಈ ಇತಿಹಾಸ ಸಣ್ಣದಲ್ಲ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮಹಾ ಸರ್ವೆ ಶುರುವಾಯಿತು ಅಂತ ಓದುತ್ತೇವೆ. ಅದಕ್ಕೂ ಮುಂಚೆ, 1800ರಲ್ಲೇ, ಆ ಸರ್ವೆ ಶುರು ಮಾಡಿದ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಬೇಸ್‌ಲೈನ್, ಅಂದರೆ ಉಳಿದೆಲ್ಲ ಲೆಕ್ಕಕ್ಕೆ ಆಧಾರವಾಗುವ ನೇರ ಗೆರೆ, ಅಳೆದಿದ್ದರು. 1868ರಲ್ಲಿ ಹೊಸ ಬೇಸ್‌ಲೈನ್ ಅಳೆದಾಗ ಅಳತೆಗೆ ಕೋಲ್ಬಿ ಪಟ್ಟಿಗಳು ಬಂದವು. ಹಿತ್ತಾಳೆ ಒಂದು, ಕಬ್ಬಿಣ ಒಂದು, ಜೋಡಿಯಾಗಿ ಕೂಡಿಸಿದ್ದು. ಬಿಸಿಲಿಗೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿದರೂ ತುದಿಯ ಚುಕ್ಕಿಗಳ ನಡುವಿನ 10 ಅಡಿ ಹಾಗೇ ಉಳಿಯುತ್ತಿತ್ತು. ಒಂದು ಕೂದಲೆಳೆ ಆಚೀಚೆ ಆಗಬಾರದು ಅಂತ ಅಷ್ಟು ಒದ್ದಾಡಿದ್ದಾರೆ. ಆ ಬೇಸ್‌ಲೈನಿಗೆ ಸೇರಿದ್ದ ಕಣ್ಣೂರಿನ ವೀಕ್ಷಣಾಲಯ, ಹೆಣ್ಣೂರು–ಬಾಗಲೂರು ರಸ್ತೆಯ ಕಡೆಯದ್ದು, 2024ರಲ್ಲಿ ನೆಲಕ್ಕುರುಳಿತು.

"ಈಗ ಜಿಪಿಎಸ್ ಇದೆಯಲ್ಲ, ಹಳೆ ಕಲ್ಲು ಯಾಕೆ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಜಿಪಿಎಸ್ ಇವತ್ತಿನ ಅಳತೆ ಕೊಡುತ್ತದೆ, ಸರಿ. ಅಂದು ಎಲ್ಲಿ ನಿಂತು ಅಳೆದರು ಅನ್ನುವುದಕ್ಕೆ ಕಲ್ಲೇ ಸಾಕ್ಷಿ. ಹಳೆಯ ಲೆಕ್ಕವನ್ನೂ ಹೊಸ ಲೆಕ್ಕವನ್ನೂ ಕೂಡಿಸಬೇಕಾದರೆ ಎರಡಕ್ಕೂ ಸೇರಿದ ಒಂದು ಬಿಂದು ನೆಲದಲ್ಲಿ ಇರಬೇಕು. ಹಳ್ಳಿಗೆ ಬನ್ನಿ, ತೋರಿಸುತ್ತೇನೆ. ಹದ್ದುಬಸ್ತಿಗೆ (ಜಮೀನಿನ ಗಡಿ ಗುರುತಿಸುವುದಕ್ಕೆ) ಹೋದಾಗ ಕೈಯಲ್ಲಿ ಎಂಥ ಮಷೀನೇ ಇರಲಿ, ನಾವು ಮೊದಲು ಹುಡುಕುವುದು ಹಳೆಯ ಬಾಂದು ಕಲ್ಲನ್ನೇ. ಟಿಪ್ಪಣಿಯಲ್ಲಿ, ಅಂದರೆ ಸರ್ವೆಯ ಹಳೆಯ ದಾಖಲೆಯಲ್ಲಿ, ಅಳತೆ ಚೈನು, ಆಣೆಯಲ್ಲಿರುತ್ತದೆ. 33 ಅಡಿ ಚೈನಿಗೆ 16 ಆಣೆ. ಕಲ್ಲು ಸಿಕ್ಕರೆ ಆ ಅಳತೆ ನೆಲಕ್ಕೆ ಇಳಿಯುತ್ತದೆ. ಸಿಗದಿದ್ದರೆ ಅಣ್ಣತಮ್ಮಂದಿರು ಕೋರ್ಟು ಮೆಟ್ಟಿಲು ಹತ್ತುತ್ತಾರೆ. ಬಾಂದು ಕಲ್ಲು ಕಾಯುವ ಹೊಣೆ ಜಮೀನಿನವನದ್ದೇ ಅಂತ ಕಾನೂನಿನಲ್ಲೂ ಇದೆ. ಆದರೂ ಟ್ರ್ಯಾಕ್ಟರಿಗೆ ಅಡ್ಡ ಅಂತ ಕಿತ್ತು ಬದುವಿಗೆ ಎಸೆಯುತ್ತಾರೆ.

ಉಳಿಸುವುದು ಅಂದರೆ ಏನು ಅಂತ ಕೇಳಿದರೆ ಹೇಳುತ್ತೇನೆ. ಅಲುಗಾಡಿಸಬೇಡಿ. ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ, ಲೊಕೇಶನ್ ಗುರುತು ಮಾಡಿಕೊಳ್ಳಿ. ಹತ್ತಿರದ ಗೋಡೆ, ಸೇತುವೆ, ಬಂಡೆ, ಹೀಗೆ ಮೂರು ಗಟ್ಟಿ ವಸ್ತುಗಳಿಂದ ಟೇಪು ಹಿಡಿದು ದೂರ ಬರೆದಿಡಿ. ಕೋರಮಂಗಲದಲ್ಲೇ ಸರ್ವೆ ಆಫ್ ಇಂಡಿಯಾ ಕಚೇರಿ ಇದೆ, ತಿಳಿಸಿ. ವಾಲಿದ್ದರೆ, ಒಡೆದಿದ್ದರೆ ಅಲ್ಲೇ ಕೂಡಿಸಲಿ. ಪೇಂಟು ಮಾತ್ರ ದಯವಿಟ್ಟು ಬೇಡ.

ಕಣ್ಣೂರಿನದ್ದು ಮುಗಿದುಹೋಯಿತು ಅಂತ ಕೈಕಟ್ಟಿ ಕೂರುವುದಕ್ಕೂ ನನ್ನ ಒಪ್ಪಿಗೆ ಇಲ್ಲ. ಇಂಥ ಮುಖ್ಯ ಸರ್ವೆ ಠಾಣೆಗಳಲ್ಲಿ ಗುರುತನ್ನು ಮೇಲೊಂದೇ ಇಡುತ್ತಿರಲಿಲ್ಲ. ಅದರ ನೇರ ಕೆಳಗೆ, ತೂಗುಗುಂಡು ಬಿಟ್ಟು ಹೊಂದಿಸಿ, ನೆಲದ ಮಟ್ಟದಲ್ಲಿ ಇನ್ನೊಂದು ಕಲ್ಲು ಇಡುವ ಪದ್ಧತಿ ಇತ್ತು. ಅದರ ಮೇಲೆ ಒಂದು ವೃತ್ತ, ನಡುವೆ ಚುಕ್ಕಿ. ಕಟ್ಟಡ ಬಿದ್ದರೂ ಆ ಚುಕ್ಕಿ ಮಣ್ಣಿನಡಿ ಉಳಿದಿರಬಹುದು. ಅಲ್ಲಿ ಬೇರೆ ಪಾಯ ತೋಡುವ ಮೊದಲು ತಿಳಿದವರು ಕೂತು, ಪುರಾತತ್ವದವರ ಹಾಗೆ ಕೈಯಿಂದ ಮಣ್ಣು ಬಿಡಿಸಿ ನೋಡಲಿ. ಜೆಸಿಬಿ ಬೇಡ. ಕರೆದರೆ ನಾನೂ ಬರುತ್ತೇನೆ, ಸಂಬಳ ಬೇಡ.