ದೂರು ನೀಡಬೇಕಾದ ಅಧಿಕಾರಿ: ‘ಹೆಸರು’

ಗದಗದ ಒಂದು ಕಚೇರಿಯ ಬಾಗಿಲಲ್ಲಿ ಬಿಳಿಯ ಫಲಕವೊಂದು ತೂಗುತ್ತಿದೆ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ನಿಯಮದಲ್ಲಿ ಹೇಳಿದ ಅಳತೆಗೆ ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಕೆಂಪು ವೃತ್ತ, ವೃತ್ತದೊಳಗೆ ಹೊಗೆಯಾಡುವ ಸಿಗರೇಟು, ಸಿಗರೇಟಿನ ಮೇಲೆ ಅಡ್ಡ ಎಳೆದ ಕೆಂಪು ಪಟ್ಟಿ. ‘ಧೂಮಪಾನ ನಿಷೇಧಿತ ಪ್ರದೇಶ, ಇಲ್ಲಿ ಧೂಮಪಾನ ಮಾಡುವುದು ಅಪರಾಧ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದೆ. ಅದರ ಕೆಳಗಿನ ಸಾಲು ಹೀಗಿದೆ: ‘ದೂರು ನೀಡಬೇಕಾದ ಅಧಿಕಾರಿ: ಹೆಸರು. ಮೊಬೈಲ್: ಸಂಖ್ಯೆ.’

ನಗಬೇಡಿ. ಫ್ಲೆಕ್ಸ್ ಅಂಗಡಿಯವನ ತಪ್ಪು ಇದರಲ್ಲಿ ಏನೂ ಇಲ್ಲ. ಮೇಲಿನಿಂದ ಬಂದ ಮಾದರಿಯಲ್ಲಿ ಆ ಜಾಗದಲ್ಲಿ ಹಾಗೆಯೇ ಇತ್ತು. ಸರ್ಕಾರಿ ಮಾದರಿಯಲ್ಲಿ ಒಂದು ಚುಕ್ಕೆಯನ್ನೂ ಆಚೀಚೆ ಮಾಡಿದರೆ ಬಿಲ್ಲು ಪಾಸಾಗುವುದಿಲ್ಲ ಎಂಬುದನ್ನು ಅವನು ಅನುಭವದಿಂದ ಬಲ್ಲ. ಆದರೆ ಫಲಕ ತೂಗಲು ಶುರುವಾಗಿ ವರ್ಷವಾದರೂ ಕಚೇರಿಯವರು ಅದನ್ನು ಏಕೆ ತಿದ್ದಿಸಲಿಲ್ಲ? ಅದು ಸ್ವಲ್ಪ ಉದ್ದದ ಕಥೆ.

ನಾನು ಅಲ್ಲಿಗೆ ಹೋದದ್ದು ಹೊಗೆಯ ಸಂಶೋಧನೆಗಲ್ಲ. ನಮ್ಮ ಮನೆಯ ಉತಾರದಲ್ಲಿ, ಅಂದರೆ ಆಸ್ತಿ ದಾಖಲೆಯ ಪ್ರತಿಯಲ್ಲಿ, ತಂದೆಯವರ ಹೆಸರಿಗೆ ಎಲ್ಲಿಂದಲೋ ಬಂದ ಒತ್ತಕ್ಷರವೊಂದು ಅಂಟಿಕೊಂಡಿತ್ತು. ಅದನ್ನು ತೆಗೆಸಬೇಕಿತ್ತು, ಅಷ್ಟೇ. ಮೊದಲ ನಾಲ್ಕು ಸಲ ಹೋದಾಗ ಕುರ್ಚಿಗಳ ದರ್ಶನ ಮಾತ್ರ ಆಯಿತು. ಕುರ್ಚಿಯ ಬೆನ್ನಿಗೆ ಟವೆಲ್ಲು, ಮೇಜಿನ ಮೇಲೆ ಮಡಚಿಟ್ಟ ಕನ್ನಡಕ, ಯಾರಿಗೂ ಅಲ್ಲದೆ ತಿರುಗುತ್ತಿರುವ ಫ್ಯಾನು. ಮನುಷ್ಯ ಈಗಷ್ಟೇ ಆವಿಯಾಗಿ ಹೋದನೇನೋ ಎನಿಸುತ್ತಿತ್ತು. ಐದನೇ ಸಲ ಶಿಪಾಯಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ‘ಇಲ್ಲಿ ಏಕೆ ಕಾಯುತ್ತೀರಿ? ಎಲ್ಲರೂ ಕಚೇರಿಯಲ್ಲಿದ್ದಾರೆ’ ಎಂದು ಗೇಟಿನ ಹೊರಗೆ ಬೆರಳು ತೋರಿಸಿದ.

ಗೇಟಿನಾಚೆ ಒಂದು ಬೇವಿನ ಮರ, ಅದರ ಬುಡದಲ್ಲಿ ಕಡಪಾ ಕಲ್ಲಿನ ಕಟ್ಟೆ, ಪಕ್ಕದಲ್ಲಿ ಚಹಾದ ಗೂಡಂಗಡಿ. ಕಟ್ಟೆಯ ಮೇಲೆ ಹಿರಿಯ ಗುಮಾಸ್ತರು, ಅವರ ತೊಡೆಯ ಮೇಲೆ ಕಡತ, ಕಡತದ ಮೇಲೆ ಮಿರ್ಚಿಯ ಎಣ್ಣೆ ಹೀರಿದ ಕಾಗದ. ಬರುವ ಪತ್ರ ಪಡೆಯುವ ಆವಕ ವಿಭಾಗದವರು ಮರಕ್ಕೆ ಒರಗಿದ್ದರು, ಹೋಗುವ ಪತ್ರ ಕಳಿಸುವ ಜಾವಕ ವಿಭಾಗದವರು ಬೈಕಿನ ಮೇಲೆ ಕುಳಿತಿದ್ದರು. ಒಬ್ಬರ ಕಡ್ಡಿಯಿಂದ ಮೂವರ ಸಿಗರೇಟು ಹತ್ತಿಕೊಳ್ಳುತ್ತಿದ್ದಂತೆ, ಒಳಗೆ ಮೂರು ತಿಂಗಳಿಂದ ಅಲುಗಾಡದ ಕಡತವೊಂದು ನನ್ನ ಕಣ್ಣೆದುರಿಗೇ ಆವಕದಿಂದ ಹಿರಿಯ ಗುಮಾಸ್ತರಿಗೆ, ಅವರಿಂದ ಜಾವಕಕ್ಕೆ ಎರಡು ನಿಮಿಷದಲ್ಲಿ ದಾಟಿತು. ಏಕಗವಾಕ್ಷಿ ಯೋಜನೆ ಎಂದು ವರ್ಷಗಟ್ಟಲೆ ಕೇಳಿದ್ದೆ. ಅದಕ್ಕೆ ಗವಾಕ್ಷಿಯೂ ಬೇಕಿಲ್ಲ, ಮರವೊಂದಿದ್ದರೆ ಸಾಕು ಎಂದು ಅಂದು ತಿಳಿಯಿತು.

ಹೊಗೆ ಅಲ್ಲಿಗೆ ಹೇಗೆ ಬಂತು ಎಂಬುದಕ್ಕೂ ಒಂದು ಇತಿಹಾಸವಿದೆ. ನಾನು ಚಿಕ್ಕವನಿದ್ದಾಗ ತಂದೆಯ ಜೊತೆ ಇದೇ ಕಚೇರಿಗೆ ಬಂದಿದ್ದೆ. ಆಗ ಸಾಹೇಬರ ಮೇಜಿನ ಮೇಲೆ, ಕರಿ ಮಸಿ ಕೆಂಪು ಮಸಿಯ ದೌತಿಗಳ ನಡುವೆ, ಹಿತ್ತಾಳೆಯ ಬೂದಿ ಬಟ್ಟಲೊಂದು ಹೊಳೆಯುತ್ತಿತ್ತು. ಅರ್ಜಿದಾರ ಕೈಮುಗಿದು ನಿಲ್ಲಬೇಕು. ಸಾಹೇಬರು ಹೊಗೆ ಬಿಡಬೇಕು. ಹೊಗೆ ಎಡಕ್ಕೆ ಹೋದರೆ ನಾಳೆ ಬಾ ಎಂದು, ಬಲಕ್ಕೆ ಹೋದರೆ ಮುಂದಿನ ವಾರ ಬಾ ಎಂದು ಅರ್ಥ. 2003ರಲ್ಲಿ ಕೇಂದ್ರದ ತಂಬಾಕು ಕಾಯ್ದೆ ಬಂತು, 2004ರ ಮೇ ತಿಂಗಳಿಂದ ಸಾರ್ವಜನಿಕ ಸ್ಥಳದಲ್ಲಿ ಸೇದುವುದು ನಿಷಿದ್ಧವಾಯಿತು. ಮೇಜಿನ ಮೇಲಿನ ಸಿಗರೇಟು ಮೇಜಿನ ಕೆಳಕ್ಕೆ ಇಳಿಯಿತು. 2008ರ ಗಾಂಧಿ ಜಯಂತಿಯಂದು ಹೊಸ ನಿಯಮಗಳು ಜಾರಿಯಾಗಿ, ದುಡಿಯುವ ಜಾಗಗಳೆಲ್ಲ ಸ್ಪಷ್ಟವಾಗಿ ಅದರೊಳಗೆ ಬಂದವು. ಸಿಗರೇಟು ದಾಖಲೆ ಕೋಣೆಗೆ ಹೋಯಿತು. ನೂರು ವರ್ಷದ ಒಣ ಕಾಗದದ ನಡುವೆ ಕಿಡಿ ಹಾರಿದರೆ ತಾಲ್ಲೂಕಿನ ಅರ್ಧ ಜಮೀನಿಗೆ ಮಾಲೀಕರೇ ಇಲ್ಲವಾಗುತ್ತಾರೆ ಎಂದು ಯಾರೋ ಹೆದರಿಸಿದ ಮೇಲೆ ಶೌಚಾಲಯಕ್ಕೆ, ಅಲ್ಲಿಂದ ಮಹಡಿಗೆ, ಕೊನೆಗೆ ಗೇಟಿನಾಚೆಗೆ.

ಬೂದಿ ಬಟ್ಟಲಿನ ಗತಿ ಇನ್ನೂ ಸೊಗಸಾಗಿದೆ. ಸಾರ್ವಜನಿಕ ಸ್ಥಳದಲ್ಲಿ ಬೂದಿ ಬಟ್ಟಲು, ಕಡ್ಡಿಪೆಟ್ಟಿಗೆ, ಲೈಟರ್ ಯಾವುದನ್ನೂ ಒದಗಿಸಕೂಡದು ಎನ್ನುತ್ತವೆ 2008ರ ನಿಯಮಗಳು. ಆದರೆ ಆ ಹಿತ್ತಾಳೆಯ ಬಟ್ಟಲು ಕಚೇರಿಯ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಸಮೇತ ದಾಖಲಾಗಿದೆ. ಇಟ್ಟುಕೊಂಡರೆ ನಿಯಮಭಂಗ, ಬಿಸಾಡಿದರೆ ಸರ್ಕಾರಿ ಆಸ್ತಿಯ ನಷ್ಟ. ಹೀಗಾಗಿ ಅದನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಯವರು ಬಂದಾಗ ಹೊರತೆಗೆದು, ಒರೆಸಿ, ತೋರಿಸಿ, ಮತ್ತೆ ಒಳಗಿಡುತ್ತಾರೆ. ಉತ್ಸವ ಮೂರ್ತಿಗೆ ಇಷ್ಟು ಮಡಿಯಿಲ್ಲ. ಬೂದಿ ಮಾತ್ರ ಈಗ ಕುಂಡದಲ್ಲಿನ ತುಳಸಿಯ ಪಾಲು.

2024ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಸುತ್ತೋಲೆಯೊಂದನ್ನು ಹೊರಡಿಸಿತು: ನೌಕರರು ಕಚೇರಿಯಲ್ಲಾಗಲಿ, ಕಚೇರಿಯ ಆವರಣದಲ್ಲಾಗಲಿ ತಂಬಾಕು ಸೇದಕೂಡದು, ಜಗಿಯಕೂಡದು. ಸುತ್ತೋಲೆಯನ್ನು ಮೆಟ್ಟಿಲಿನ ತಿರುವಿನಲ್ಲಿ ಅಂಟಿಸಿದರು. ಅದರ ಕೆಳಗಿನ ಎಡ ಮೂಲೆ ಈಗ ಕೆಂಪಾಗಿದೆ. ಗುಟ್ಕಾವನ್ನು ರಾಜ್ಯ 2013ರಲ್ಲೇ ನಿಷೇಧಿಸಿತ್ತಲ್ಲ ಎಂದು ಕೇಳಿದೆ. ಜಾವಕದವರು ಜೇಬಿನಿಂದ ಎರಡು ಚೀಟಿ ತೆಗೆದು ತೋರಿಸಿದರು. ಒಂದರಲ್ಲಿ ಮಸಾಲೆ, ಇನ್ನೊಂದರಲ್ಲಿ ತಂಬಾಕು. ‘ಇವೆರಡೂ ಪ್ರತ್ಯೇಕ. ಮದುವೆ ನನ್ನ ಬಾಯಲ್ಲಿ ಆಗುತ್ತದೆ, ಅದು ಖಾಸಗಿ ಸಮಾರಂಭ’ ಎಂದರು.

2025ರಲ್ಲಿ ಕೇಂದ್ರದ ಆ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ ಜಾರಿಗೆ ಬಂದು, 200 ರೂಪಾಯಿಯ ದಂಡ 1,000ಕ್ಕೆ ಏರಿತು. ಕೊಳ್ಳುವವರ ವಯಸ್ಸು 18ರಿಂದ 21 ಆಯಿತು. ಗೂಡಂಗಡಿಯಲ್ಲಿ ‘21 ವರ್ಷದೊಳಗಿನವರಿಗೆ ಮಾರುವುದಿಲ್ಲ’ ಎಂಬ ಫಲಕವಿದೆ. ಪ್ಯಾಕು ಎತ್ತಿ ಕೊಡುವ ಹುಡುಗನಿಗೆ ಇನ್ನೂ ಮೀಸೆ ಮೂಡಿಲ್ಲ; ಮಾರುವವನ ವಯಸ್ಸಿನ ಬಗ್ಗೆ ಆ ಫಲಕ ಏನೂ ಹೇಳಿಲ್ಲವಲ್ಲ. ಬಿಡಿ ಸಿಗರೇಟು ಮಾರುವಂತಿಲ್ಲ ಎಂದೂ ಕಾನೂನಿದೆ. ಅಂಗಡಿಯವನಿಗೆ ‘ಬಿಡಿ ಮಾರಬೇಡ’ ಎಂದರೆ ‘ಬೀಡಿ ಎಲ್ಲಿ ಮಾರಿದೆ, ಇದು ಸಿಗರೇಟು’ ಎನ್ನುತ್ತಾನೆ. ಗಿರಾಕಿಗೆ ‘ಬಿಡಿ’ ಎಂದರೆ ‘ಬಿಡಿಯೇ ಕೊಡು’ ಎಂದು ಕೈ ಚಾಚುತ್ತಾನೆ. ಕಾನೂನಿಗೆ ಹೆದರುವ ಹಿರಿಯ ಗುಮಾಸ್ತರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಐದು ಜನ ಚಂದಾ ಹಾಕಿ ಬೆಳಿಗ್ಗೆ ಇಡೀ ಪ್ಯಾಕು ಕೊಳ್ಳುತ್ತಾರೆ, ಅದು ಅಂಗಡಿಯವನ ಬಳಿಯೇ ಠೇವಣಿ ಇರುತ್ತದೆ, ಸದಸ್ಯರು ಬೇಕಾದಾಗ ಒಂದೊಂದು ಹಿಂಪಡೆಯುತ್ತಾರೆ. 1905ರಲ್ಲಿ ಸಹಕಾರ ಸಂಘ ಕಟ್ಟಿ ದೇಶಕ್ಕೇ ದಾರಿ ತೋರಿದ ಕಣಗಿನಹಾಳ ಇದೇ ಗದಗ ತಾಲ್ಲೂಕಿನಲ್ಲಿದೆ ಎಂಬುದನ್ನು ಈ ಮಣ್ಣು ಮರೆತಿಲ್ಲ.

‘ಆದರೂ ಇದು ಸಾರ್ವಜನಿಕ ಸ್ಥಳವಲ್ಲವೇ?’ ಎಂದು ನಾನು ಬೇವಿನ ಮರವನ್ನು ತೋರಿಸಿದೆ. ಕಟ್ಟೆಯ ಮೇಲಿದ್ದವರೆಲ್ಲರೂ ಒಟ್ಟಿಗೆ ಮುಗುಳ್ನಕ್ಕರು. ಉತಾರದ ನಿಯಮ ಕೇಳಿದರೆ ತಡವರಿಸುವ ಈ ಮಂದಿ ತಂಬಾಕು ಕಾಯ್ದೆಯನ್ನು ಕಂಠಪಾಠ ಮಾಡಿದ್ದಾರೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಬಯಲು ಜಾಗ ಸೇರಿಲ್ಲವಂತೆ. ಆಮೇಲೆ ಬಂದ ನಿಯಮಗಳು ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳನ್ನು ಎಳೆದು ಒಳಗೆ ತಂದವು ನಿಜ, ಬೇವಿನ ಮರ ಅವುಗಳ ಕಣ್ಣಿಗೆ ಬೀಳಲಿಲ್ಲವಂತೆ. ಒಳಗೊಂದು ಧೂಮಪಾನ ಕೋಣೆ ಕಟ್ಟಿಸಿಕೊಳ್ಳೋಣವೆಂದರೆ ಅದು 30 ಕೋಣೆಗಳ ಹೋಟೆಲಿಗೆ, 30 ಆಸನಗಳ ಉಪಾಹಾರ ಗೃಹಕ್ಕೆ, ವಿಮಾನ ನಿಲ್ದಾಣಕ್ಕೆ ಮಾತ್ರ ಉಂಟು. ಅಲ್ಲೂ ನಾಲ್ಕು ಗೋಡೆ ಸೂರಿಗೆ ಮುಟ್ಟಬೇಕು, ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು, ಹೊಗೆ ಬೇರೆ ಯಾವ ಕೋಣೆಗೂ ನುಸುಳದೆ ನೇರ ಹೊರಕ್ಕೆ ಹೋಗಬೇಕು.

ಕಟ್ಟೆಯ ಹೊಗೆಯೂ ನೇರವಾಗಿಯೇ ಹೋಗುತ್ತದೆ, ಒಳಕ್ಕೆ. ಗದಗ ಸೀಮೆಯ ಗಾಳಿ ಸಾಮಾನ್ಯದ್ದಲ್ಲ. ಕಪ್ಪತಗುಡ್ಡದ ಸುತ್ತ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ಕೇಳಿ. ಆಷಾಢದಲ್ಲಿ ಪಡುವಣ ಗಾಳಿ ಬೀಸಿತೆಂದರೆ, ಪಶ್ಚಿಮಕ್ಕಿರುವ ಈ ಗೇಟಿನ ಹೊಗೆಯೆಲ್ಲ ಕೆಳಮಹಡಿಯ ಮೂರನೇ ಕೌಂಟರಿನ ಮುಂದೆ ಬಂದು ಸುರುಳಿ ಸುತ್ತುತ್ತದೆ. ಅಲ್ಲಿ ವೃದ್ಧಾಪ್ಯ ವೇತನಕ್ಕೆಂದು ಬಂದ ಮುದುಕಿಯೊಬ್ಬಳು ಇಳಕಲ್ಲ ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡು ಗೋಡೆಗೆ ಆತು ಕುಳಿತಿದ್ದಳು. ಬೆಳಿಗ್ಗೆ ಎಂಟರ ಬಸ್ಸಿಗೆ ಬಂದವಳು. ‘ಒಳಗೆ ಯಾರಾದರೂ ಹಸಿ ಕಟ್ಟಿಗೆಯ ಒಲೆ ಹಚ್ಚಿದ್ದಾರೆಯೇ?’ ಎಂದು ನನ್ನನ್ನು ಕೇಳಿದಳು. ಬಯಲು ಜಾಗದ ವ್ಯಾಖ್ಯೆಯನ್ನು ಅವಳಿಗೆ ವಿವರಿಸುವಷ್ಟು ಕಾನೂನು ನನಗೆ ಗೊತ್ತಿರಲಿಲ್ಲ. ಆ ಕೌಂಟರಿನ ಕುರ್ಚಿಯ ಮೇಲೆ ಟವೆಲ್ಲು ಇತ್ತು.

ಖಾಸಗಿಯವರು ಇದನ್ನು ಚೆನ್ನಾಗಿ ನಿಭಾಯಿಸುತ್ತಾರೆ ಎಂದು ನನಗೊಂದು ಭ್ರಮೆಯಿತ್ತು. ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ನನ್ನ ಸೋದರಳಿಯ ಅದನ್ನೂ ಒಡೆದ. ಅವನ ಕಂಪನಿಯಲ್ಲಿ ಬಾಗಿಲಿಗೆ ಕಾರ್ಡು ತೋರಿಸಿಯೇ ಹೊರಗೆ ಹೋಗಬೇಕು. ಸೇದುವವರಿಗೆ ದಿನಕ್ಕೆ ನಾಲ್ಕು ವಿರಾಮ. ಸೇದದ ಇವನು ಅವರು ಎದ್ದುಹೋದಾಗಲೆಲ್ಲ ಅವರ ಫೋನನ್ನೂ ಎತ್ತಿಕೊಳ್ಳಬೇಕು. ತನಗೂ ಹತ್ತು ನಿಮಿಷ ಒಳ್ಳೆಯ ಗಾಳಿ ಕುಡಿದು ಬರುವ ವಿರಾಮ ಕೊಡಿ ಎಂದು ಕೇಳಿದ. ಮಾನವ ಸಂಪನ್ಮೂಲದವರು ಗಂಭೀರವಾಗಿ ಯೋಚಿಸಿ, ‘ನಿಮಗೆ ಗಾಳಿಯ ಅವಶ್ಯಕತೆಯಿದೆ ಎಂಬುದಕ್ಕೆ ವೈದ್ಯರ ಪತ್ರ ತನ್ನಿ’ ಎಂದರಂತೆ. ಈಗ ಅವನು ಜೇಬಿನಲ್ಲಿ ಒಂದು ಸಿಗರೇಟು ಇಟ್ಟುಕೊಂಡು ಹೊರಗೆ ಹೋಗುತ್ತಾನೆ. ಎಂಟು ತಿಂಗಳಿಂದ ಅದೇ ಸಿಗರೇಟು.

ಇರಲಿ, ಫಲಕಕ್ಕೆ ಬರೋಣ. ನಿಯಮದಲ್ಲಿ ಒಂದು ಮುಳ್ಳಿದೆ. ಫಲಕದ ಮೇಲೆ ಯಾರ ಹೆಸರಿದೆಯೋ ಅವರಿಗೆ ದೂರು ಕೊಡಬಹುದು. ದೂರು ಬಂದ ಮೇಲೂ ಅವರು ಸುಮ್ಮನಿದ್ದರೆ, ಎಷ್ಟು ಜನ ಸೇದಿದರೋ ಅಷ್ಟರ ದಂಡ ಉಸ್ತುವಾರಿಯ ತಲೆಗೇ ಬರುತ್ತದೆ. ದಂಡ 200 ಇದ್ದಾಗಲೇ ಯಾರೂ ಹೆಸರು ಕೊಡಲು ಒಪ್ಪಿರಲಿಲ್ಲ, ಸಾವಿರವಾದ ಮೇಲೆ ಕೇಳಬೇಕೆ? ಹೆಸರು ನಿಗದಿಪಡಿಸಲು ಸಭೆ ಕರೆದರು. ಸಾಹೇಬರು ಹಿರಿಯ ಗುಮಾಸ್ತರತ್ತ ನೋಡಿದರು, ಹಿರಿಯ ಗುಮಾಸ್ತರು ಕಿರಿಯರತ್ತ ನೋಡಿದರು, ಕಿರಿಯರು ಶಿಪಾಯಿಯತ್ತ ನೋಡಿದರು, ಶಿಪಾಯಿ ಚಹಾ ತರಲು ಹೋದ. ವಿಷಯ ಬಿಗಡಾಯಿಸಿದ್ದರಿಂದ ತಲೆ ತಿಳಿಯಾಗಲೆಂದು ಸಭೆಯನ್ನು ಹತ್ತು ನಿಮಿಷ ಮುಂದೂಡಿದರು. ಎಲ್ಲರೂ ಬೇವಿನ ಮರದ ಕೆಳಗೆ ಹೋದರು. ಅಲ್ಲೇ ತೀರ್ಮಾನವಾಯಿತು: ಸದ್ಯಕ್ಕೆ ‘ಹೆಸರು’ ಎಂಬುದೇ ಇರಲಿ, ಅದು ಯಾರ ಹೆಸರೂ ಅಲ್ಲದ ಕಾರಣ ಯಾರಿಗೂ ತೊಂದರೆಯಿಲ್ಲ.

ನನ್ನ ಒಂಬತ್ತನೇ ಭೇಟಿಯ ಹೊತ್ತಿಗೆ ಮೇಲಿನಿಂದ ತಪಾಸಣೆ ಬರುತ್ತದೆಂಬ ಸುದ್ದಿ ಹಬ್ಬಿ, ‘ಸಂಖ್ಯೆ’ಯ ಮೇಲೊಂದು ಚೀಟಿ ಅಂಟಿಸಿ ಮೊಬೈಲ್ ಸಂಖ್ಯೆ ಬರೆದಿದ್ದರು. ಆ ತಿಂಗಳ ಕೊನೆಗೆ ನಿವೃತ್ತರಾಗಲಿದ್ದ ಹಿರಿಯ ಗುಮಾಸ್ತರು ತ್ಯಾಗಕ್ಕೆ ಮುಂದಾಗಿದ್ದರಂತೆ. ನನಗೆ ಕುತೂಹಲ ತಡೆಯಲಿಲ್ಲ. ಗೇಟಿನಲ್ಲಿ ನಿಂತು ಆ ಸಂಖ್ಯೆಗೆ ಕರೆ ಮಾಡಿದೆ. ಕಟ್ಟೆಯ ಮೇಲೆ ಅಕ್ಕನ ವಚನವೊಂದು ರಿಂಗಣಿಸಿತು. ಅವರು ಸಿಗರೇಟನ್ನು ಬಲಗೈಯಿಂದ ಎಡಗೈಗೆ ಬದಲಿಸಿ, ಫೋನನ್ನು ಕಿವಿಗಿಟ್ಟು, ‘ಹೇಳಿ’ ಎಂದರು.

‘ಇಲ್ಲಿ ಧೂಮಪಾನ ನಡೆಯುತ್ತಿದೆ’ ಎಂದೆ.

‘ಎಲ್ಲಿ?’

‘ನಿಮ್ಮ ಎಡಗೈಯಲ್ಲಿ.’

ಅವರು ನನ್ನತ್ತ ತಿರುಗಲಿಲ್ಲ. ಫೋನಿನಲ್ಲಿಯೇ ಸಾವಧಾನವಾಗಿ ಹೇಳಿದರು: ‘ಬಾಯಿ ಮಾತಿನ ದೂರು ನಡೆಯುವುದಿಲ್ಲ. ಲಿಖಿತವಾಗಿ ಆವಕದಲ್ಲಿ ಕೊಡಿ.’ ಆವಕದವರು ಅವರ ಪಕ್ಕದಲ್ಲೇ ನಿಂತು ಕಡ್ಡಿ ಗೀರುತ್ತಿದ್ದರು. ‘ನಾಳೆ ಬನ್ನಿ, ಇವತ್ತು ಮೊಹರು ಒಳಗಿದೆ’ ಎಂದರು.

ಹನ್ನೊಂದನೇ ಸಲ ಹೋದಾಗ ನನ್ನ ಉತಾರ ಸಿದ್ಧವಾಗಿತ್ತು. ಹಿರಿಯ ಗುಮಾಸ್ತರು ನಿವೃತ್ತಿಗೆ ಮುನ್ನ ಬಾಕಿ ಉಳಿಸಬಾರದೆಂದು ಕಟ್ಟೆಯ ಮೇಲೆಯೇ ಹುಡುಕಿ ತೆಗೆದು ಕೊಟ್ಟರು. ಬಿಡಿಸಿ ನೋಡಿದೆ. ಹಳೆಯದೇ ಪ್ರತಿ, ಯಾವ ತಿದ್ದುಪಡಿಯೂ ಇಲ್ಲ. ತಂದೆಯ ಹೆಸರಿನ ಜಾಗದಲ್ಲಿ ಮಾತ್ರ ಹುರಿಗಡಲೆ ಗಾತ್ರದ ಒಂದು ದುಂಡು ತೂತು, ಅಂಚೆಲ್ಲ ಕಂದು ಬಣ್ಣಕ್ಕೆ ಸುಟ್ಟಿತ್ತು. ತೂತಿನಿಂದ ಆಚೆಯ ಬೇವಿನ ಎಲೆ ಕಾಣುತ್ತಿತ್ತು.

‘ಇದೇನು?’ ಎಂದೆ.

ಅವರು ಕನ್ನಡಕ ಏರಿಸಿ, ಕಾಗದವನ್ನು ಬೆಳಕಿಗೆ ಹಿಡಿದು, ಎರಡು ಸಲ ಓದಿದರು. ‘ಒತ್ತಕ್ಷರ ಹೋಗಿದೆಯಲ್ಲ, ನಿಮಗೆ ಬೇಕಾದದ್ದು ಅದೇ ತಾನೆ?’ ಎಂದು ಕೇಳಿದರು.